ಕರಡಿ ನಮಗೆ ಗೊತ್ತಿಲ್ವಾ?

ಕಿರ್ಗಿಸ್ತಾನದ ಸೋಂಗ್ ಕೋಲ್ ಕೆರೆಯ ದಂಡೆಯಲ್ಲಿ ಒಬ್ಬ ಅಜ್ಜಿಗೆ ನಾನು ಕೇಳಿದ ಒಂದು ಪ್ರಶ್ನೆ ಎರಡು ವರ್ಷದಿಂದ ತಲೆ ಕೊರೆಯುತ್ತಿದೆ. ದೊಡ್ಡ ಪ್ರಶ್ನೆಯೇನಲ್ಲ. "ಅದು ನಿಜಕ್ಕೂ ಕರಡಿ ಇರಬಹುದಾ?" ಅಷ್ಟೇ. ಕೇಳುವಾಗ ನಾನು ಭಾರೀ ಜಾಣೆ ಅಂದುಕೊಂಡಿದ್ದೆ.

ಅಕ್ಕನ ಮಗ ಆಗ ಬಿಷ್ಕೆಕ್‌ನಲ್ಲಿ ಮೆಡಿಕಲ್ ನಾಲ್ಕನೇ ವರ್ಷ ಓದುತ್ತಿದ್ದ. "ನಾನು ಇಲ್ಲಿರೋವಾಗಲೇ ಒಂದ್ಸಲ ಬಂದು ಹೋಗು ಚಿಕ್ಕಮ್ಮ" ಅಂತ ಪ್ರತಿ ಫೋನಿನಲ್ಲೂ ಹೇಳುತ್ತಿದ್ದ. ಜುಲೈನಲ್ಲಿ ಹೋದೆ. ಒಂದು ಹಳೇ ಕಾರು, ಅದರ ಡ್ರೈವರ್ ಬೈಕೆ (ಹಿರಿಯ ಗಂಡಸರನ್ನು ಅಲ್ಲಿ ಹಾಗೆ ಕರೆಯುತ್ತಾರೆ, ನಮ್ಮ ಅಣ್ಣನ ಹಾಗೆ), ನಾವಿಬ್ಬರು. ಕೊಚ್ಕೊರ್ ದಾಟಿ ಘಾಟಿ ಹತ್ತಿ ಇಳಿದರೆ ಮೂರು ಸಾವಿರ ಮೀಟರ್ ಎತ್ತರದಲ್ಲಿ ಆ ಕೆರೆ. ಸುತ್ತ ಒಂದೇ ಒಂದು ಮರ ಇಲ್ಲ. ಬರೀ ಹುಲ್ಲು, ಕುದುರೆ, ಕುರಿ, ಅಲ್ಲೊಂದು ಇಲ್ಲೊಂದು ಬಿಳಿ ಯರ್ಟ್, ಅಂದರೆ ಕಂಬಳಿ ಹೊದಿಸಿದ ದುಂಡು ಗುಡಾರ. ಬೇಸಿಗೆ ಹುಲ್ಲುಗಾವಲಿಗೆ ಅವರು ಜೈಲೂ ಅನ್ನುತ್ತಾರೆ. ಜೈಲಲ್ಲಿ ಎರಡು ರಾತ್ರಿ ಇದ್ದು ಬಂದೆ ಅಂತ ಅಕ್ಕನಿಗೆ ಮೆಸೇಜ್ ಹಾಕಿ ಬೈಸಿಕೊಂಡೆ.

ಮರ ಇಲ್ಲ ಅಂದಮೇಲೆ ಸೌದೆ ಎಲ್ಲಿಂದ ಬರಬೇಕು? ಒಲೆಗೆ ಹಾಕುವುದು ಸಗಣಿ ಒಣಗಿಸಿದ ಬೆರಣಿ. ಅವರ ಮಾತಲ್ಲಿ ತೆಝೆಕ್. ಯರ್ಟ್ ಒಳಗೆ ಕಾಲಿಟ್ಟ ಕೂಡಲೇ ಆ ಹೊಗೆಯ ವಾಸನೆಗೆ ನನಗೆ ಅಜ್ಜಿ ಮನೆಯ ಬಚ್ಚಲೊಲೆ ನೆನಪಾಯಿತು. ಒಲೆಯ ಪಕ್ಕ ಮನೆಯೊಡತಿ ಕೂತಿದ್ದರು. ಎಪ್ಪತ್ತು ದಾಟಿರಬೇಕು. ಎಲ್ಲರೂ ಅಪಾ ಅನ್ನುತ್ತಿದ್ದರು, ನಾನೂ ಅಂದೆ. ಅಪಾ ಕುರುತ್ ಮಾಡುತ್ತಿದ್ದರು. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರೆಲ್ಲ ಇಳಿಸಿ, ಉಪ್ಪು ಬೆರೆಸಿ, ಅಂಗೈಯಲ್ಲಿ ಉರುಟು ಮಾಡಿ ಒಣಗಿಸುವ ಉಂಡೆ ಅದು. ನೆಲ್ಲಿಕಾಯಿ ಗಾತ್ರ. ಅಂಗೈಯಲ್ಲಿ ಮೂರು ಸುತ್ತು, ಬಟ್ಟೆಯ ಮೇಲೆ ಸಾಲಾಗಿ ಇಡುವುದು, ಮತ್ತೆ ಮೂರು ಸುತ್ತು. ಕೈ ಒಂದು ಕಡೆ, ಕಥೆ ಒಂದು ಕಡೆ.

ಕಥೆ ಜೆಝ್ ತುಮ್ಶುಕ್‌ದು. ಹಾಗಂದರೆ ತಾಮ್ರದ ಮೂತಿಯವಳು. ಬೇಟೆಗಾರನೊಬ್ಬ ಬೆಟ್ಟದ ಮೇಲೆ ಒಬ್ಬನೇ ಬೆಂಕಿ ಹಾಕಿಕೊಂಡು ಮಾಂಸ ಬೇಯಿಸುತ್ತಿರುತ್ತಾನೆ. ಕತ್ತಲಿನಿಂದ ಒಬ್ಬಳು ಹೆಂಗಸು ಬರುತ್ತಾಳೆ. ಮಾತಿಲ್ಲ. ಮುಖಕ್ಕೆ ತೋಳು ಅಡ್ಡ ಹಿಡಿದುಕೊಂಡೇ ಕೂರುತ್ತಾಳೆ. ಅವನು ಚಾಕುವಿನ ತುದಿಗೆ ಮಾಂಸ ಚುಚ್ಚಿ ಕೊಡುತ್ತಾನೆ. ತಿನ್ನುತ್ತಾಳೆ, ಎದ್ದು ಹೋಗುತ್ತಾಳೆ. ಬೇಟೆಗಾರನಿಗೆ ಅನುಮಾನ. ಒಂದು ಮರದ ದಿಮ್ಮಿ ಎಳೆದು ತಂದು ತಾನು ಮಲಗುವ ಜಾಗದಲ್ಲಿಟ್ಟು, ಅದರ ಮೇಲೆ ತನ್ನ ನಿಲುವಂಗಿ ಹೊದಿಸಿ, ಕೋವಿ ಹಿಡಿದು ಬಂಡೆಯ ಹಿಂದೆ ಕೂರುತ್ತಾನೆ. ನಡುರಾತ್ರಿ ಅವಳು ಬಂದು ಆ ದಿಮ್ಮಿಯ ಮೇಲೆ ಬೀಳುತ್ತಾಳೆ. ಇವನು ಹೊಡೆಯುತ್ತಾನೆ. ಗಡಿ ಆಚೆಯ ಕಝಕ್ ಜನರಲ್ಲೂ ಇದೇ ಕಥೆ ಇದೆ. ಅಲ್ಲಿ ಅವಳದ್ದು ಮೂತಿಯ ಬದಲು ತಾಮ್ರದ ಉಗುರು.

ಅಪಾ ಕಿರ್ಗಿಝ್‌ನಲ್ಲಿ ಹೇಳಿದರು, ಬೈಕೆ ರಷ್ಯನ್‌ಗೆ ತಂದರು, ಅಕ್ಕನ ಮಗ ತನ್ನ ಕಾಲೇಜು ರಷ್ಯನ್‌ನಲ್ಲಿ ಹಿಡಿದಷ್ಟನ್ನು ಕನ್ನಡಕ್ಕೆ ತಂದ. ಹೀಗೆ ಬೆಟ್ಟ ಹತ್ತಿಳಿದು ನನ್ನ ಕಿವಿಗೆ ಬಂದ ಕಥೆಗೆ ನಾನು ಕೊಟ್ಟ ಬಹುಮಾನ ಆ ಪ್ರಶ್ನೆ. ಎರಡು ಕಾಲಲ್ಲಿ ನಿಲ್ಲುತ್ತೆ, ರಾತ್ರಿ ಬರುತ್ತೆ, ಉಗುರು ಇರುತ್ತೆ. ನಿಜಕ್ಕೂ ಕರಡಿ ಇರಬಹುದಾ? ಪ್ರಶ್ನೆ ಮೂರು ಭಾಷೆ ದಾಟಿ ವಾಪಸ್ ಹೋಯಿತು. ಅಪಾ ಅವರ ಅಂಗೈ ನಿಂತಿತು. ಉಂಡೆ ಅಲ್ಲೇ ಉಳಿಯಿತು. ಅವರಂದಿದ್ದನ್ನು ಅಕ್ಕನ ಮಗ ಸ್ವಲ್ಪ ಮುಜುಗರದಿಂದಲೇ ಹೇಳಿದ: "ಕರಡಿ ನಮಗೆ ಗೊತ್ತಿಲ್ವಾ, ಅಂತ ಕೇಳ್ತಿದಾರೆ ಚಿಕ್ಕಮ್ಮ."

ದೂರದವರ ಕಥೆ

ನನ್ನ ಪ್ರಶ್ನೆ ಹೊಸದೇನಲ್ಲ. ಆ ಬೆಟ್ಟಗಳ ಬಗ್ಗೆ ಹೊರಗಿನವರು ಎರಡೂವರೆ ಸಾವಿರ ವರ್ಷದಿಂದ ಕೇಳುತ್ತಿರುವುದೇ ಅದು. ಹೆರೊಡೋಟಸ್ ಹೇಳಿದ ಇರುವೆಗಳನ್ನೇ ನೋಡಿ. ಭಾರತದ ಉತ್ತರದ ಮರಳುನೆಲದಲ್ಲಿ ನರಿಗಿಂತ ದೊಡ್ಡ, ನಾಯಿಗಿಂತ ಚಿಕ್ಕ ಇರುವೆಗಳಿವೆ, ಅವು ಬಿಲ ತೋಡಿ ಎಸೆಯುವ ಮಣ್ಣಿನಲ್ಲಿ ಚಿನ್ನ ಇರುತ್ತದೆ ಅಂತ ಅವನು ಕ್ರಿಸ್ತಪೂರ್ವ 5ನೇ ಶತಮಾನದಲ್ಲಿ ಬರೆದ. ಅಲೆಕ್ಸಾಂಡರನ ಜೊತೆ ಬಂದ ನಿಯಾರ್ಕಸ್, ಇರುವೆ ನೋಡಲಿಲ್ಲ, ಆದರೆ ಅದರ ತೊಗಲು ನೋಡಿದೆ, ಚಿರತೆ ತೊಗಲಿನ ಹಾಗಿತ್ತು ಅಂದ. ಗ್ರೀಕರ ಗಾಳಿಸುದ್ದಿ ಅಂತ ನಗುವ ಹಾಗಿಲ್ಲ. ನಮ್ಮ ಮಹಾಭಾರತದ ಸಭಾಪರ್ವದಲ್ಲೂ ಇದೆ. ಮೇರು ಮಂದರಗಳ ನಡುವಿನ ನಾಡಿನಿಂದ ಖಸರು ಮೊದಲಾದವರು ಯುಧಿಷ್ಠಿರನಿಗೆ ಕಾಣಿಕೆ ತರುತ್ತಾರಲ್ಲ, ಅದರಲ್ಲಿ ಇರುವೆಗಳು ಎತ್ತಿಕೊಟ್ಟ ಚಿನ್ನವೂ ಇತ್ತು. ಅದರ ಹೆಸರೇ ಪಿಪೀಲಿಕ. ಕೊಳಗದಲ್ಲಿ ಅಳೆಯುವಷ್ಟು.

1996ರಲ್ಲಿ ಮಿಶೆಲ್ ಪೆಸೆಲ್ ಅನ್ನುವ ಫ್ರೆಂಚ್ ಅಲೆಮಾರಿ ಇದಕ್ಕೊಂದು ಉತ್ತರ ಹೇಳಿದರು. ಸಿಂಧೂ ನದಿಯ ಮೇಲಿನ ದೇವಸಾಯಿ ಪ್ರಸ್ಥಭೂಮಿಯಲ್ಲಿ ಮಾರ್ಮೊಟ್‌ಗಳು ಬಿಲ ತೋಡುತ್ತವೆ, ಆ ಮಣ್ಣಿನಲ್ಲಿ ಚಿನ್ನದ ಪುಡಿ ಇದೆ, ಅಲ್ಲಿನವರು ಅದನ್ನು ಆರಿಸುತ್ತಿದ್ದರು. ಹಳೇ ಪರ್ಷಿಯನ್‌ನಲ್ಲಿ ಮಾರ್ಮೊಟ್‌ಗೆ ಬೆಟ್ಟದ ಇರುವೆ ಅನ್ನುವ ಅರ್ಥದ ಹೆಸರಿತ್ತು, ಅದೇ ಹೆರೊಡೋಟಸ್‌ನ ಕಿವಿಗೆ ಬರೀ ಇರುವೆಯಾಗಿ ಬಿತ್ತು ಅಂತ ಅವರ ವಾದ. ನನಗೆ ಇದು ತುಂಬಾ ಇಷ್ಟ. ಸೋಂಗ್ ಕೋಲ್‌ಗೆ ಹೋಗುವ ದಾರಿಯಲ್ಲಿ ನಾವೂ ಮಾರ್ಮೊಟ್ ನೋಡಿದೆವು. ದಪ್ಪ ಅಳಿಲಿನಂಥ ಪ್ರಾಣಿ. ಬಿಲದ ಬಾಯಲ್ಲಿ ಹಿಂಗಾಲ ಮೇಲೆ ಎದ್ದು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಮದುವೆ ಊಟ ಮುಗಿಸಿ ಚಪ್ಪರದ ಬಾಗಿಲಲ್ಲಿ ನಿಂತ ಸೋದರಮಾವನ ಹಾಗೆ ನಿಲ್ಲುತ್ತದೆ. ಕಾರು ಹತ್ತಿರ ಬಂದರೆ ಒಂದು ಸಿಳ್ಳೆ, ಮಾಯ. ಇದನ್ನು ನೋಡಿದ ಯಾರೂ ಇರುವೆ ಅನ್ನಲಾರರು.

ಅಲ್ಲೇ ಇರುವುದು ವಿಷಯ. ಚಿನ್ನ ಆರಿಸಿದವರಿಗೆ ಅದು ಮಾರ್ಮೊಟ್ ಅಂತ ಚೆನ್ನಾಗಿಯೇ ಗೊತ್ತಿತ್ತು. ಇರುವೆಯಾಗಿದ್ದು ದೂರದವರ ಬಾಯಲ್ಲಿ. ಹಿಮಮಾನವನ ಕಥೆಯೂ ಬಹುಪಾಲು ಹೀಗೆಯೇ. ಶಿಲ್ಟ್‌ಬೆರ್ಗರ್ ಅನ್ನುವ ಬವೇರಿಯಾದ ಹುಡುಗ 1396ರ ಯುದ್ಧದಲ್ಲಿ ತುರ್ಕರಿಗೆ ಸೆರೆಸಿಕ್ಕ. ಆಮೇಲೆ ತೈಮೂರನ ಕೈಗೆ, ಅಲ್ಲಿಂದ ಇನ್ನೊಬ್ಬರ ಕೈಗೆ ದಾಟುತ್ತಾ ಮೂವತ್ತು ವರ್ಷ ಅಲೆದು ಊರಿಗೆ ವಾಪಸ್ ಬಂದ. ಬೆಟ್ಟದಲ್ಲಿ ಮುಖ, ಕೈ ಬಿಟ್ಟು ಮೈಯೆಲ್ಲ ಕೂದಲಿರುವ ಕಾಡುಜನ ಇದ್ದಾರೆ ಅಂತ ಬರೆದ. ಅದೇ ಉಸಿರಿನಲ್ಲಿ ಕತ್ತೆಯಷ್ಟೇ ಎತ್ತರದ ಕಾಡುಕುದುರೆ ಅಲ್ಲಿದೆ ಅಂತಲೂ ಬರೆದ. ಕುದುರೆ ನಿಜವಾಯಿತು. ಪ್ರಝ್ವಾಲ್ಸ್ಕಿಯ ಕುದುರೆ ಅಂತ ಈಗ ಕರೆಯುವುದು ಅದನ್ನೇ ಇರಬೇಕು. ಕೂದಲಿನ ಜನ ಮಾತ್ರ ಸಿಗಲೇ ಇಲ್ಲ.

ಹುಡುಕದೆ ಬಿಟ್ಟಿದ್ದಲ್ಲ. 1957ರಲ್ಲಿ ಪ್ರೋನಿನ್ ಅನ್ನುವ ಸೋವಿಯತ್ ಜಲತಜ್ಞ ಪಾಮೀರ್‌ನ ಫೆದ್‌ಚೆಂಕೊ ಹಿಮನದಿಯ ಕಡೆ ಮನುಷ್ಯನಂಥ ಆಕೃತಿ ಕಂಡೆ ಅಂದರು. ಮರುವರ್ಷ ಅಲ್ಲಿನ ವಿಜ್ಞಾನ ಅಕಾಡೆಮಿ ಒಂದು ಸಮಿತಿ ಮಾಡಿ ಪಾಮೀರ್‌ಗೆ ತಂಡವನ್ನೇ ಕಳಿಸಿತು. ಸ್ಪುಟ್ನಿಕ್ ಹಾರಿಸಿದ ಮರುವರ್ಷ! ತಂಡದ ಮುಖ್ಯಸ್ಥರು ಸ್ಟಾನ್ಯುಕೊವಿಚ್, ಗಿಡಮರಗಳ ವಿಜ್ಞಾನಿ. ತಿಂಗಳುಗಟ್ಟಲೆ ಹುಡುಕಿದರು. ಏನೂ ಸಿಗಲಿಲ್ಲ. ಹಿಮಾಲಯದ ಯೇತಿಯದ್ದು ಅಂತ ಜೋಪಾನ ಮಾಡಿದ್ದ ಕೂದಲು, ಮೂಳೆ, ತೊಗಲುಗಳ ಒಂಬತ್ತು ಮಾದರಿಗಳನ್ನು 2017ರಲ್ಲಿ ಡಿಎನ್‌ಎ ಪರೀಕ್ಷೆ ಮಾಡಿದಾಗ ಎಂಟು ಕರಡಿ, ಒಂದು ನಾಯಿ.

ನೋಡಿ, ಕೊನೆಗೂ ಕರಡಿಯೇ! ಹಾಗಾದರೆ ನನ್ನ ಪ್ರಶ್ನೆಯಲ್ಲಿ ತಪ್ಪೇನಿತ್ತು? ಬಿಷ್ಕೆಕ್‌ಗೆ ವಾಪಸ್ ಬರುವ ದಾರಿಯುದ್ದಕ್ಕೂ ನಾನು ಒಳಗೊಳಗೇ ವಾದ ಮಾಡುತ್ತಿದ್ದೆ. ಈಗ ಅನ್ನಿಸುವುದು ಇಷ್ಟು. ಒಂದು ತೊಗಲು ತೋರಿಸಿ ಇದು ಯೇತಿ ಅಂದರೆ, ಇದು ನಿಜಕ್ಕೂ ಏನು ಅಂತ ಕೇಳಬಹುದು. ಕೇಳಲೇಬೇಕು. ಆದರೆ ಅಪಾ ನನಗೆ ತೊಗಲು ತೋರಿಸಿರಲಿಲ್ಲ. ಕಥೆ ಹೇಳಿದ್ದರು. ಕರಡಿಗೆ ಅವರ ಭಾಷೆಯಲ್ಲಿ ಅಯೂ ಅನ್ನುವ ಹೆಸರಿದೆ. ಅದು ಯಾವಾಗ ಗುಹೆಯಿಂದ ಏಳುತ್ತದೆ, ಯಾವ ಬಿಲ ಕೆದಕುತ್ತದೆ ಅಂತ ಹೇಳಬಲ್ಲ ಜನ ಅವರು. ಅಂಥವರು ಕರಡಿಯನ್ನು ಹೆಂಗಸು ಅಂತ ತಪ್ಪು ತಿಳಿದರು ಅನ್ನುವುದು ಎಂಥ ಮಾತು! ಊರಿಗೆ ಮೊನ್ನೆ ಬಂದವಳು ನಾನು.

ಮೊಟ್ಟೆಯಿಂದ ನಾಯಿ

ಹೋಗುವಾಗ ಘಾಟಿಯ ತಲೆಯಲ್ಲಿ ಬೈಕೆ ಕಾರು ನಿಲ್ಲಿಸಿದ್ದರು. ಇಂಜಿನ್ ಆರಲಿ ಅಂತ. ಮೇಲೆ ಒಂದು ರಣಹದ್ದು ರೆಕ್ಕೆ ಬಡಿಯದೆ ಸುತ್ತು ಹಾಕುತ್ತಿತ್ತು. ಕುಮಾಯ್, ಅಂದರು. ಹಿಮಾಲಯದ ದೊಡ್ಡ ರಣಹದ್ದು. ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ ಹತ್ತಿರ ಹತ್ತಿರ ಮೂರು ಮೀಟರ್. ಸಿಗರೇಟು ಮುಗಿಯುವವರೆಗೆ ಅದನ್ನೇ ನೋಡುತ್ತಾ ನಿಂತು, ಇದರ ಮೊಟ್ಟೆಯಿಂದ ನಾಯಿ ಹುಟ್ಟುತ್ತೆ ಅಂದರು. ಎಲ್ಲ ಮೊಟ್ಟೆಯಿಂದ ಅಲ್ಲ, ಎಲ್ಲೋ ಯಾವಾಗಲೋ ಒಂದರಿಂದ. ಆ ನಾಯಿಯ ಹೆಸರು ಕುಮಾಯಿಕ್. ಅದರಿಂದ ತಪ್ಪಿಸಿಕೊಂಡ ಪ್ರಾಣಿ ಇಲ್ಲ. ಕಿರ್ಗಿಝ್ ಜನರ ಮಹಾವೀರ ಮಾನಸ್‌ನ ಹತ್ತಿರ ಇದ್ದದ್ದು ಅಂಥದ್ದೇ ನಾಯಿ. ಕಝಕ್ ಕಡೆಯಲ್ಲಿ ಇದೇ ಕಥೆಯ ಮೊಟ್ಟೆ ಒಂದು ಬಾತುಕೋಳಿಯದು.

ಬೈಕೆ ಅವರ ಮನೆಯಲ್ಲೇ ಮೂರು ತೈಗನ್ ನಾಯಿಗಳಿವೆ. ತೈಗನ್ ಅಂದರೆ ಬೆಟ್ಟದ ಬೇಟೆನಾಯಿ. ಉದ್ದ ಕಾಲು, ಬಳುಕುವ ಸೊಂಟ, ಕಿವಿ ತುಂಬ ಕೂದಲು. ಫೋನಿನಲ್ಲಿ ಫೋಟೋ ತೋರಿಸಿದರು. ಹೋದ ವರ್ಷ ಹೆಣ್ಣು ನಾಯಿಗೆ ಏಳು ಮರಿ, ಅದರಲ್ಲಿ ಒಂದಕ್ಕೆ ತಾವೇ ರಾತ್ರಿಯೆಲ್ಲ ಕೂತು ಹಾಲು ಕುಡಿಸಿದ್ದನ್ನೂ ಹೇಳಿದರು. ನಾಯಿ ಎಲ್ಲಿಂದ ಹುಟ್ಟುತ್ತೆ ಅಂತ ಅವರಿಗೆ ಪಾಠ ಮಾಡಬೇಕಾ? ನಾಯಿ ಗೊತ್ತು, ರಣಹದ್ದು ಗೊತ್ತು. ಎರಡೂ ಅಷ್ಟು ಚೆನ್ನಾಗಿ ಗೊತ್ತಿರುವುದರಿಂದಲೇ ಒಂದನ್ನು ಇನ್ನೊಂದರ ಹೊಟ್ಟೆಯಿಂದ ತೆಗೆಯುವುದರಲ್ಲಿ ಮಜಾ ಇದೆ. ಮೂರು ಕಿಲೋಮೀಟರ್ ದೂರದಿಂದ ಸತ್ತ ಕುರಿ ಕಾಣುವ ಕಣ್ಣು, ನೆಲದ ಮೇಲೆ ಅಷ್ಟು ಜೋರಾಗಿ ಓಡುವ ಕಾಲು. ಎರಡೂ ಒಂದೇ ಮೈಯಲ್ಲಿ ಇದ್ದಿದ್ದರೆ ಅಂತ ಯಾವ ಬೇಟೆಗಾರನಿಗೆ ಆಸೆಯಾಗಲ್ಲ?

ಅಲ್ತಾಯ್ ಬೆಟ್ಟದ ಪಝಿರಿಕ್ ಸಮಾಧಿಗಳಲ್ಲೂ ನನಗೆ ಕಾಣುವುದು ಇದೇ. ಕ್ರಿಸ್ತಪೂರ್ವ 5ರಿಂದ 3ನೇ ಶತಮಾನದವು. ನೆಲದೊಳಗೆ ನೀರು ಹೆಪ್ಪುಗಟ್ಟಿದ್ದರಿಂದ ಕಂಬಳಿ, ತೊಗಲು, ಮರ, ಮನುಷ್ಯರ ಮೈಮೇಲಿನ ಹಚ್ಚೆ ಕೂಡ ಹಾಗೇ ಉಳಿದಿವೆ. ಹದ್ದಿನ ತಲೆ, ಸಿಂಹದ ಮೈಯ ಗ್ರಿಫಿನ್ ಅಲ್ಲಿ ಎಲ್ಲೆಲ್ಲೂ ಇದೆ. ಜೊತೆಗೆ ಹೂತ ಒಂದು ಕುದುರೆಗೆ ಜಿಂಕೆ ಕೊಂಬಿನ ಮುಖವಾಡ ಹಾಕಿದ್ದಾರೆ. ಕುದುರೆಯ ಮೇಲೇ ಬದುಕಿದ ಜನ ಅವರು. ಅದಕ್ಕೆ ಕೊಂಬಿಲ್ಲ ಅಂತ ಗೊತ್ತಿರಲಿಲ್ವಾ? ಗೋಬಿ ಮರುಭೂಮಿಯಲ್ಲಿ ಸಿಗುವ ಕೊಕ್ಕಿನ ಡೈನೋಸಾರ್ ಮೂಳೆಗಳೇ ಗ್ರಿಫಿನ್ ಕಥೆಯ ಮೂಲ ಅಂತ ಏಡ್ರಿಯನ್ ಮೇಯರ್ ಅನ್ನುವ ಇತಿಹಾಸಕಾರ್ತಿ ವಾದಿಸಿದ್ದಾರೆ. ಬೇರೆಯವರು ಅದನ್ನು ಒಪ್ಪಿಲ್ಲ. ಗ್ರಿಫಿನ್ ಚಿನ್ನ ಕಾಯುತ್ತೆ ಅಂತ ದೂರದಲ್ಲಿ ಕೂತು ಬರೆದ ಗ್ರೀಕರ ಮಟ್ಟಿಗೆ ಆ ವಾದ ಇರಲಿ. ಕಂಬಳಿ ಕತ್ತರಿಸಿ ಹದ್ದಿನ ಗರಿ ಒಂದೊಂದನ್ನೂ ಹೊಲಿದ ಆ ಅಲ್ತಾಯ್ ಕೈಗೆ ಡೈನೋಸಾರ್ ಬೇಕಿರಲಿಲ್ಲ ಅಂತ ನನ್ನ ಲೆಕ್ಕ.

ಬೂದು ಮೇಕೆ

ಮೂರು ದಿನದ ನಂತರ ಇಸಿಕ್ ಕುಲ್ ಸರೋವರದ ಉತ್ತರ ದಂಡೆಯ ಚೊಲ್ಪೊನ್ ಅತಾಗೆ ಹೋದೆವು. ಅಲ್ಲೊಂದು ಬಯಲು ತುಂಬ ಬಂಡೆಗಳು, ಬಂಡೆಗಳ ಮೇಲೆ ಕೆತ್ತನೆ. ಎಷ್ಟೋ ಚಿತ್ರಗಳು ಶಕರ ಕಾಲದವು. (ಪಂಚಾಂಗದಲ್ಲಿ ಶಾಲಿವಾಹನ ಶಕೆ ಅಂತ ಓದುತ್ತೇವಲ್ಲ, ಆ ಶಕರೇ. ಅವರ ತವರು ಈ ಕಡೆ.) ದೊಡ್ಡದೊಂದು ಬಂಡೆಯ ಮುಂದೆ ಎಲ್ಲರೂ ನಿಲ್ಲುತ್ತಾರೆ. ನಾನೂ ಅರ್ಧ ಗಂಟೆ ನಿಂತೆ. ಅದರ ತುಂಬ ಐಬೆಕ್ಸ್, ಅಂದರೆ ಬೆಟ್ಟದ ಕಾಡುಮೇಕೆ. ಸೈಬೀರಿಯನ್ ಐಬೆಕ್ಸ್‌ನ ಕೊಂಬು ನಿಜದಲ್ಲೂ ಒಂದು ಮೀಟರ್ ದಾಟುತ್ತದೆ. ಇಲ್ಲಿ ಕೆತ್ತಿದವನು ಅದನ್ನು ಇನ್ನೂ ಎಳೆದು, ಬೆನ್ನ ಮೇಲೆ ಬಾಗಿಸಿ, ಬಾಲದವರೆಗೆ ತಂದುಬಿಟ್ಟಿದ್ದಾನೆ. ಪಕ್ಕದಲ್ಲಿ ಬಿಲ್ಲು ಹಿಡಿದ ಪುಟ್ಟ ಮನುಷ್ಯರು. ಅವರ ಜೊತೆ ಉದ್ದ ಬಾಲದ ಪ್ರಾಣಿಗಳು, ಹಿಮ ಚಿರತೆ ಅನ್ನುತ್ತಾರೆ. ಪಳಗಿಸಿದ ಚಿರತೆಯಾ, ಅಥವಾ ಒಂದೇ ಬೇಟೆಗೆ ಬಂದ ಇಬ್ಬರು ಬೇಟೆಗಾರರಾ? ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಕೊಂಬುಗಳು ಮಾತ್ರ ಮೊದಲು ಎದ್ದು ಕಂಡವು. ಮೈ ಆಮೇಲೆ.

ಕೊಜೊಜಾಶ್‌ನ ಕಥೆ ಬೈಕೆ ಹೇಳಿದ್ದು ಅಲ್ಲೇ, ಕಲ್ಲಿಗೆ ಒರಗಿ ಕೂತು. ಕೊಜೊಜಾಶ್ ಮಹಾ ಬೇಟೆಗಾರ. ಅವನು ತಂದ ಮಾಂಸದಲ್ಲಿ ಊರೇ ಉಣ್ಣುತ್ತಿತ್ತು. ಗೊರಸಿನ ಕಾಡುಪ್ರಾಣಿಗಳಿಗೆಲ್ಲ ಅಲ್ಲಿ ಕಾಯ್‌ಬೆರೆನ್ ಅನ್ನುವ ಹೆಸರಿದೆ, ಅವನ್ನು ಕಾಯುವ ಶಕ್ತಿಗೂ ಅದೇ ಹೆಸರು. ಸುರ್ ಎಚ್ಕಿ, ಬೂದು ಮೇಕೆ, ಅವುಗಳ ತಾಯಿ. ಅವಳ ಮರಿಗಳನ್ನೆಲ್ಲ ಕೊಜೊಜಾಶ್ ಹೊಡೆದು ಮುಗಿಸುತ್ತಾನೆ. ಉಳಿದದ್ದು ಅವಳು, ಅವಳ ಗಂಡು ಅಲಬಾಶ್. ಬೂದು ಮೇಕೆ ಎದುರು ಬಂದು ನಿಂತು ಬೇಡುತ್ತಾಳೆ. ನಮ್ಮ ಸಂತತಿ ಉಳಿಯಲಿ, ಇವನೊಬ್ಬನನ್ನು ಬಿಡು. ಹಸುವಿನ ಮಾತಿಗೆ ಹುಲಿ ಕರಗುವ ಕಥೆ ಕೇಳಿ ಬೆಳೆದವಳು ನಾನು. ಈಗ ಇವನು ಬಿಲ್ಲು ಇಳಿಸುತ್ತಾನೆ ಅಂತ ಕಾಯುತ್ತಿದ್ದೆ. ಕೊಜೊಜಾಶ್ ಅಲಬಾಶ್‌ನನ್ನು ಹೊಡೆದ.

ಮೇಕೆ ಓಡುತ್ತಾಳೆ. ಕುಂಟುವ ಹಾಗೆ, ಇನ್ನೇನು ಸಿಕ್ಕಳು ಅನ್ನುವ ಹಾಗೆ. ಇವನು ಬೆನ್ನು ಹತ್ತುತ್ತಾನೆ. ಬಂಡೆಯಿಂದ ಬಂಡೆಗೆ, ಮೇಲಕ್ಕೆ, ಇನ್ನೂ ಮೇಲಕ್ಕೆ. ಕೊನೆಗೊಂದು ಕಡಿದಾದ ಬಂಡೆಯ ಮೇಲೆ ನಿಂತು ತಿರುಗಿ ನೋಡಿದರೆ ಹತ್ತಲು ದಾರಿ ಇಲ್ಲ, ಇಳಿಯಲೂ ಇಲ್ಲ. ಕೆಳಗೆ ಜನ ಸೇರುತ್ತಾರೆ, ಹೆಂಡತಿ ಝುಲಾಯ್ಕಾ ಬರುತ್ತಾಳೆ. ಎಲ್ಲರಿಗೂ ಅವನು ಕಾಣುತ್ತಾನೆ. ಯಾರೂ ಏನೂ ಮಾಡುವ ಹಾಗಿಲ್ಲ. ಊರಿಗೆಲ್ಲ ಊಟ ಹಾಕಿದವನು ಊರೆಲ್ಲ ನೋಡುತ್ತಿರುವಾಗಲೇ ಅಲ್ಲಿ ಮುಗಿಯುತ್ತಾನೆ. ಇನ್ನೊಂದು ಹಾಡಿದೆಯಂತೆ, ಕರಾಗುಲ್ ಅನ್ನುವ ಹುಡುಗನದ್ದು. ಪ್ರಾಣಿಯ ತೊಗಲು ತೊಟ್ಟಿದ್ದ ಸ್ವಂತ ಮಗನನ್ನೇ ಬೇಟೆ ಅಂದುಕೊಂಡು ಹೊಡೆದ ಅಪ್ಪನ ಗೋಳು. ಅದನ್ನು ಬೈಕೆ ಹೇಳಲು ಶುರು ಮಾಡಿ, ಬೇಡ ಬಿಡಿ, ಅಂದರು.

ಈ ಬೂದು ಮೇಕೆ ನಿಜಕ್ಕೂ ಯಾವ ಜಾತಿ ಅಂತ ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ ಅಲ್ವಾ, ಅದು ಐಬೆಕ್ಸ್ ಅಂತ ಕಥೆಯೇ ಹೇಳುತ್ತದೆ. ಬೇಟೆಯಿಂದಲೇ ಹೊಟ್ಟೆ ಹೊರೆದವರು ಕಟ್ಟಿದ ಕಥೆ ಇದು. ಮಾಂಸ ಬೇಕೇ ಬೇಕು, ಆದರೆ ಕೊನೆಯ ಜೋಡಿಯನ್ನು ಮುಟ್ಟಿದರೆ ಮುಂದೆ ಏನೂ ಇಲ್ಲ ಅನ್ನುವ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತಿತ್ತು. ನಾನು ಹೋದಾಗಲೂ ಅಲ್ಲಿ ಪರವಾನಗಿ ಪಡೆದು ಐಬೆಕ್ಸ್ ಹೊಡೆಯಬಹುದಿತ್ತು. ಹೊರದೇಶದವರು ದುಡ್ಡು ಕಟ್ಟಿ ಬರುತ್ತಾರೆ, ಗೋಡೆಗೆ ಕೊಂಬು ಬೇಕು ಅಂತ. ಬಿಷ್ಕೆಕ್‌ಗೆ ಅಷ್ಟೇನೂ ದೂರವಿಲ್ಲದ ಶಾಮ್ಶಿ ಕಣಿವೆಯೂ ಹಾಗೆ ಬೇಟೆಗೆ ಬಿಟ್ಟಿದ್ದ ಜಾಗ. 2015ರಲ್ಲಿ ಅದನ್ನು ಅಭಯಾರಣ್ಯ ಮಾಡಿದರು. ಈಗ ಅಲ್ಲಿನ ಕ್ಯಾಮೆರಾಗಳಿಗೆ ಹಿಮ ಚಿರತೆ ಸಿಗುತ್ತಿದೆ.

ಹಿಮ ಚಿರತೆ ನೋಡಿದ್ರಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಅಲ್ಲಿ ಅದಕ್ಕೆ ಇಲ್‌ಬಿರ್ಸ್ ಅನ್ನುತ್ತಾರೆ. ಬೈಕೆ ಹುಟ್ಟಿ ಬೆಳೆದದ್ದೇ ಆ ಬೆಟ್ಟದಲ್ಲಿ, ಅವರೇ ಒಂದು ಸಲ ನೋಡಿದ್ದಂತೆ, ಅದೂ ದೂರದಿಂದ, ಬಾಲ ಮಾತ್ರ. ಮಂಗೋಲಿಯಾದಲ್ಲಿ ಕೊರಳಪಟ್ಟಿ ಕಟ್ಟಿ ನೋಡಿದಾಗ ಒಂದು ಗಂಡಿನ ಓಡಾಟ ಸುಮಾರು 200 ಚದರ ಕಿಲೋಮೀಟರ್. ಘರ್ಜಿಸುವುದೂ ಇಲ್ಲ. ಮೈಗೆ ಹೆಚ್ಚುಕಮ್ಮಿ ಸಮನಾದ ಬಾಲವನ್ನು ಚಳಿಗೆ ಮುಖಕ್ಕೆ ಸುತ್ತಿಕೊಂಡು ಮಲಗಿದರೆ ಪಕ್ಕದಲ್ಲೇ ಹೋದರೂ ಕಲ್ಲು ಅಂದುಕೊಳ್ಳುತ್ತೇವೆ. (ಭಾರತದಲ್ಲಿ 718 ಹಿಮ ಚಿರತೆಗಳಿವೆ ಅಂತ 2024ರಲ್ಲಿ ಹೇಳಿದ ಅಂದಾಜಿನ ಕೆಲಸದಲ್ಲಿ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರೂ ಇದ್ದರು. ಹಿಮವೇ ಬೀಳದ ಊರಲ್ಲಿ ಕೂತು ಹಿಮ ಚಿರತೆಯ ಲೆಕ್ಕ! ನನಗೆ ಸುಮ್ನೆ ಖುಷಿ.)

ನಾಯಿ ಹಕ್ಕಿ

ಅಪಾ ಅವರ ಯರ್ಟ್‌ನ ಆ ರಾತ್ರಿಯದ್ದು ಇನ್ನೊಂದು ಹೇಳುವುದಿದೆ. ನನ್ನ ಪ್ರಶ್ನೆಯ ನಂತರ ಯಾರೂ ಜಾಸ್ತಿ ಮಾತಾಡಲಿಲ್ಲ. ಉಂಡೆಗಳ ಮೇಲೆ ಬಟ್ಟೆ ಮುಚ್ಚಿದರು, ಹಾಸಿಗೆ ಹಾಸಿದರು. ನಿದ್ದೆ ಹತ್ತಿತ್ತೋ ಇಲ್ಲವೋ, ಹೊರಗೆ ನಾಯಿಗಳು ಒಟ್ಟಿಗೆ ಬೊಗಳಲು ಶುರು ಮಾಡಿದವು. ಸುಮ್ಮನೆ ಬೊಗಳುವ ದನಿ ಅದಲ್ಲ. ಅಪಾ ಎದ್ದು, ಕೋಟು ಹಾಕಿಕೊಂಡು, ಟಾರ್ಚ್ ಹಿಡಿದು ಹೊರಗೆ ಹೋದರು. ಕತ್ತಲಲ್ಲಿ ಜೋರಾಗಿ ಕೂಗಿದ್ದು ಕೇಳಿಸಿತು. ತುಂಬ ಹೊತ್ತಿನ ಮೇಲೆ ಒಳಗೆ ಬಂದು, ಒಲೆಗೆ ಇನ್ನೊಂದು ಬೆರಣಿ ಇಟ್ಟು, ಇತ್ ಕುಶ್, ಅಂದರು.

"ನಾಯಿ ಹಕ್ಕಿ ಅಂತೆ" ಅಂದ ಅಕ್ಕನ ಮಗ, ನಿದ್ದೆಗಣ್ಣಲ್ಲಿ. ನಾನು ಎದ್ದು ಕೂತೆ. ಕುಮಾಯಿಕ್! ಮೊಟ್ಟೆಯ ನಾಯಿ! ಬೈಕೆಗೆ ನಗು ತಡೆಯಲಾಗಲಿಲ್ಲ. ಅದು ತೋಳ. ರಾತ್ರಿ ಹೊತ್ತು, ಕುರಿ ಹತ್ತಿರ ಇರುವಾಗ, ತೋಳದ ಹೆಸರು ಹಿಡಿದು ಹೇಳಬಾರದು. ಹೇಳಿದರೆ ಕರೆದ ಹಾಗೆ. ನಮ್ಮಜ್ಜಿ ದೀಪ ಹಚ್ಚಿದ ಮೇಲೆ ಹಾವು ಅನ್ನಲು ಬಿಡುತ್ತಿರಲಿಲ್ಲ, ಹುಳ ಅನ್ನಬೇಕಿತ್ತು. ಅದನ್ನು ನಾನು ಹೇಳಿದೆ. ಕನ್ನಡದಿಂದ ರಷ್ಯನ್‌ಗೆ, ರಷ್ಯನ್‌ನಿಂದ ಕಿರ್ಗಿಝ್‌ಗೆ ಮಾತು ದಾಟಿತು. ಅಪಾ ನನ್ನ ಕಡೆ ತಿರುಗಿ, ಆ ಸಂಜೆಯಲ್ಲಿ ಮೊದಲ ಸಲ ತಲೆಯಾಡಿಸಿದರು.

ಬೆಳಿಗ್ಗೆ ಹಲ್ಲುಜ್ಜಲು ಹೊರಗೆ ಬಂದಾಗ ಅಪಾ ದೊಡ್ಡಿಯ ಬಾಗಿಲಲ್ಲಿ ನಿಂತು ಕುರಿ ಎಣಿಸುತ್ತಿದ್ದರು. ಒಂದೂ ಕಮ್ಮಿ ಇರಲಿಲ್ಲ. ಮತ್ತೆ ಮೊದಲಿನಿಂದ ಎಣಿಸಿದರು.